ಅರ್ಧ ಬಾಟಲಿ ನೀರು

ನನ್ನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಶಾಲೆಯವರು ಆರೋಗ್ಯ ಶಿಕ್ಷಣಕ್ಕೆಂದು ಒಂದು ತೆಳ್ಳನೆಯ ಪುಸ್ತಕ ಕೊಟ್ಟರು. ಅದರಲ್ಲಿ ನಲವತ್ತು ಇಂಗ್ಲಿಷ್ ಪದಗಳು, ಎದುರಿಗೆ ಕನ್ನಡದ ಅರ್ಥ. ಹೈಜೀನ್ ಎಂದರೆ ನೈರ್ಮಲ್ಯ. ಇನ್‌ಫೆಕ್ಷನ್ ಎಂದರೆ ಸೋಂಕು. ಯೂರಿನ್ ಎಂದರೆ ಮೂತ್ರ. ಡಿಹೈಡ್ರೇಷನ್ ಎಂದರೆ ನಿರ್ಜಲೀಕರಣ. ಈ ಕೊನೆಯದನ್ನು ನಾಲ್ಕು ಸಲ ಗಟ್ಟಿಯಾಗಿ ಹೇಳಿದರೆ ಸಾಕು, ಬಾಯಿ ಒಣಗಿ ಅರ್ಥ ತಾನಾಗಿಯೇ ಗೊತ್ತಾಗುತ್ತಿತ್ತು. ಪ್ರತಿ ಪುಟದ ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಪದಗಳ ಪಟ್ಟಿ ಕಂಡರೆ ತವರಿನವರು ಬಂದಷ್ಟು ಖುಷಿ. ಒಗ್ಗರಣೆ ಹಾಕುತ್ತಲೇ ಸ್ಪೆಲಿಂಗ್ ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಾನು ಸಹಿ ಹಾಕುತ್ತಿದ್ದೆ.

ನನ್ನ ಕಾನ್ವೆಂಟಿನ ಬಗ್ಗೆ ಒಂದು ಮಾತು ಹೇಳಬೇಕು. ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ನಮ್ಮಪ್ಪನ ಮನೆ ಕುಣಿಗಲ್ಲಿನಲ್ಲಿ, ನಾನಿದ್ದದ್ದು ತುಮಕೂರಿನ ಹಾಸ್ಟೆಲಿನಲ್ಲಿ. ಬೇರೆ ಶಾಲೆಯ ಮಕ್ಕಳು ಕಿರುಬೆರಳು ಎತ್ತಿ ತೋರಿಸಿದರೆ ಮೇಷ್ಟ್ರು ‘ಹೋಗಿ ಬಾ’ ಅನ್ನುತ್ತಿದ್ದರು. ನಮ್ಮಲ್ಲಿ ಕಿರುಬೆರಳು ಅಸಭ್ಯ. ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ ಪೂರ್ತಿ ಒಂದು ವಾಕ್ಯ ಹೇಳಬೇಕಿತ್ತು: “ಎಕ್ಸ್‌ಕ್ಯೂಸ್ ಮಿ ಸಿಸ್ಟರ್, ಮೇ ಐ ಪ್ಲೀಸ್ ಗೋ ಟು ದ ಟಾಯ್ಲೆಟ್?” ಎಲ್ಲಾದರೂ ತಡವರಿಸಿದರೆ ಮತ್ತೆ ಮೊದಲಿಂದ.

ನಿಟ್ಟೂರಿನಿಂದ ಬಂದು ಸೇರಿದ್ದ ಹುಡುಗಿಯೊಬ್ಬಳಿಗೆ ಆ ವಾಕ್ಯ ‘ಪ್ಲೀಸ್’ವರೆಗೆ ಬಂದು ನಿಂತುಬಿಡುತ್ತಿತ್ತು. ಒಂದು ದಿನ ಮೂರನೇ ಸಲ ಮೊದಲಿಂದ ಶುರು ಮಾಡುವಷ್ಟರಲ್ಲಿ ಅವಳ ಬೆಂಚು ಒದ್ದೆಯಾಯಿತು. ಸಿಸ್ಟರ್ ಹೊಡೆಯಲಿಲ್ಲ, ಬೈಯಲೂ ಇಲ್ಲ, ತುಂಬ ಶಾಂತ ಸ್ವಭಾವದವರು. ಆ ವಾಕ್ಯವನ್ನು ಐವತ್ತು ಸಲ ಬರೆದುಕೊಂಡು ಬಾ ಎಂದರು, ಅಷ್ಟೇ. ಮುಂದಿನ ಪೀರಿಯಡ್ ಹೆಲ್ತ್ ಎಜುಕೇಷನ್.

ನನಗೆ ವಾಕ್ಯ ಚೆನ್ನಾಗಿ ಬರುತ್ತಿತ್ತು. ಎಷ್ಟು ಚೆನ್ನಾಗಿ ಅಂದರೆ, ನಾನು ಎದ್ದು ಕೇಳಿದಾಗಲೆಲ್ಲ ಸಿಸ್ಟರ್ ಮಾದರಿಗೆಂದು ಇನ್ನೊಂದು ಸಲ ಹೇಳಿಸುತ್ತಿದ್ದರು. “ವೆರಿ ಗುಡ್. ನೌ ಸಿಟ್ ಡೌನ್,” ಅನ್ನುತ್ತಿದ್ದರು. ನನಗೆ ನಿಜವಾಗಿಯೂ ಹೋಗಬೇಕಾಗಿತ್ತು ಅನ್ನುವುದು ಆ ಹೊಗಳಿಕೆಯಲ್ಲಿ ಮರೆತೇ ಹೋಗುತ್ತಿತ್ತು, ಅವರಿಗೆ.

ಹೀಗಾಗಿ ನಾವೆಲ್ಲ ನೀರು ಕುಡಿಯದಿರುವುದನ್ನು ಕಲಿತೆವು. ಶನಿವಾರ ಊರಿಗೆ ಹೋದರೆ ಅಲ್ಲೂ ಅದೇ ಪಾಠ. ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ನಾನು ಲೋಟಕ್ಕೆ ಕೈ ಹಾಕಿದರೆ ಅಮ್ಮ, “ಬಸ್ ಹತ್ತೋ ಹೊತ್ತಲ್ಲಿ ನೀರು ಕುಡೀಬೇಡ ಕಣೇ, ಮಧ್ಯದಲ್ಲಿ ಎಲ್ಲಿ ಇಳೀತೀಯ?” ಅನ್ನುತ್ತಿದ್ದರು. ಕುಣಿಗಲ್ ಕೆರೆ ತುಂಬಿ ಕೋಡಿ ಬಿದ್ದ ವರ್ಷವೂ ಅಮ್ಮನದು ಅದೇ ಮಾತು.

ಮದುವೆಯಾದದ್ದು ಗುಬ್ಬಿಯ ಮನೆತನಕ್ಕೆ. ಯಜಮಾನರ ಕೆಲಸ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ, ಹಾಗಾಗಿ ಸಂಸಾರ ತುಮಕೂರಿನಲ್ಲಿ. ಮಗಳು ಶಾಲೆಗೆ ಹೋಗತೊಡಗಿದ ದಿನದಿಂದ ಅವಳ ಬಾಟಲಿಗೆ ನಾನು ಅರ್ಧ ನೀರು ತುಂಬಿದೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನೇ ಅಲ್ಲಿಗೆ ನಿಲ್ಲುತ್ತಿತ್ತು. ಪಕ್ಕದ ಮನೆಯ ಆಪಾ ಅದೇ ಶಾಲೆಗೆ ಹೋಗುತ್ತಿದ್ದ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಅರ್ಧವೇ ತುಂಬುತ್ತಿದ್ದರು. “ಜಾಸ್ತಿ ಹಾಕಿದ್ರೆ ಬುಕ್ಕಿನ ಮೇಲೆ ಚೆಲ್ಕೋತವೆ,” ಅನ್ನುತ್ತಿದ್ದರು. ನಾನು “ಭಾರ ಆಗತ್ತೆ” ಅನ್ನುತ್ತಿದ್ದೆ. ಇಬ್ಬರಿಗೂ ನಿಜವಾದ ಕಾರಣ ಗೊತ್ತಿತ್ತು. ಗಂಡುಮಕ್ಕಳ ಬಾಟಲಿಗಳು ಮಾತ್ರ ನಮ್ಮ ಬೀದಿಯಲ್ಲಿ ಭಾರವೂ ಆಗುತ್ತಿರಲಿಲ್ಲ, ಚೆಲ್ಲುತ್ತಲೂ ಇರಲಿಲ್ಲ. ಸಂಜೆ ನನ್ನ ಮಗಳ ಅರ್ಧ ಬಾಟಲಿಯಲ್ಲೂ ಅರ್ಧ ಹಾಗೇ ವಾಪಸ್ಸು ಬರುತ್ತಿತ್ತು. ಜಾಣೆ ಅಂದುಕೊಳ್ಳುತ್ತಿದ್ದೆ.

ಆ ವರ್ಷ ಗುಬ್ಬಿಯಲ್ಲಿ ಹಲವು ಶಾಲೆಗಳ ನಡುವೆ ಆರೋಗ್ಯ ಪದಗಳ ಸ್ಪರ್ಧೆ ಇಟ್ಟರು. ವೇದಿಕೆಯ ಮೇಲೆ ಸ್ಪೆಲಿಂಗ್ ಹೇಳಿ, ಅರ್ಥ ಹೇಳಬೇಕು. ಮಗಳ ಶಾಲೆಯಿಂದ ಅವಳೇ ಆಯ್ಕೆಯಾದಳು. ಸ್ಪರ್ಧೆಗೆ ಇನ್ನೂ ಒಂದು ತಿಂಗಳಿದ್ದಾಗ ಒಂದು ಸಂಜೆ ‘ಯೂರಿನರಿ ಟ್ರ್ಯಾಕ್ಟ್ ಇನ್‌ಫೆಕ್ಷನ್’ ಎಂದು ಕೇಳಿದೆ. ಬಚ್ಚಲ ಬಾಗಿಲಿಗೆ ಒರಗಿ, ಕಾಲಿಗೆ ಕಾಲು ಹೆಣೆದುಕೊಂಡು, ಮುಖ ಕಿವುಚಿಕೊಂಡು ಒಂದೊಂದೇ ಅಕ್ಷರ ಹೇಳಿದಳು. ಒಂದೂ ತಪ್ಪಿಲ್ಲ. ಹೇಳಿ ಮುಗಿಸಿ ಒಳಗೆ ಓಡಿದಳು. ಅರ್ಧ ಗಂಟೆಯಲ್ಲಿ ಅದು ನಾಲ್ಕನೇ ಸಲ. ಮೈ ಮುಟ್ಟಿದರೆ ಬಿಸಿ.

ಮಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಹೆಂಗಸೇ. ಆದರೆ ಅವರ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಅರ್ಧ ಸರಿದ ಒಂದು ಪರದೆ, ಬೆಂಚಿನ ಮೇಲೆ ಮೂವರು ಗಂಡಸರು.

“ಏನಾಗಿದೆ?”

“ಸ್ವಲ್ಪ ಫೀವರ್ ಡಾಕ್ಟರ್. ಅನ್‌ಈಸಿ ಅಂತಾಳೆ.”

“ಬೇರೆ ಏನಾದ್ರೂ?”

ಮಗಳು ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಲವತ್ತು ಪದ ಕಲಿತ ಮಗಳು, ಅದಕ್ಕೆಲ್ಲ ಸಹಿ ಹಾಕಿದ ತಾಯಿ, ಇಬ್ಬರೂ ಸೇರಿ “ಏನೂ ಇಲ್ಲ” ಎಂದೆವು. ಜ್ವರದ ಮಾತ್ರೆ ಬರೆದುಕೊಟ್ಟರು. ಜ್ವರ ಇಳಿಯಿತು, ನಾಲ್ಕನೇ ದಿನ ಅದೇ ಅರ್ಧ ಬಾಟಲಿ ಹಿಡಿದು ಶಾಲೆಗೆ ಹೋದಳು, ವಾರ ತುಂಬುವುದರೊಳಗೆ ಹಲ್ಲು ಕಟಕಟಿಸುವ ಚಳಿಜ್ವರದಲ್ಲಿ ಮಲಗಿದಳು.

ಮೊಮ್ಮಗಳನ್ನು ನೋಡಲು ಗುಬ್ಬಿಯಿಂದ ನಮ್ಮತ್ತೆ ಬಂದರು. ಶಾಲೆಗೆ ಹೋದವರಲ್ಲ, ಬಾಯಿಪಾಠ ಯಾವುದೂ ಇಲ್ಲ. ಚೀಲ ಕೆಳಗಿಟ್ಟು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಎಲ್ಲ ನೋಡಿಯಾಗಿತ್ತು.

“ಏನ್ ಮಗಾ, ಗಳಿಗೆಗೊಂದ್ ಸಲ ಬಚ್ಚಲಿಗೋಯ್ತೀಯ? ಉರಿಮೂತ್ರನಾ?”

ಮಗಳು ಕೆಂಪಾಗಿ, “ಅಜ್ಜಿ, ಮೆಲ್ಲಗೆ,” ಎಂದಳು.

“ಮೆಲ್ಲಗೆ ಅಂದ್ರೆ ಉರಿ ಕಮ್ಮಿ ಆಯ್ತದಾ? ಉಚ್ಚೆ ಹುಯ್ಯದೆ ಇರೋರು ಯಾರವ್ರೆ ಊರಲ್ಲಿ?” ಎಂದು ನನ್ನ ಕಡೆ ತಿರುಗಿದರು. “ನೀನಾದ್ರೂ ಕೇಳ್ಬಾರ್ದೇನಮ್ಮಿ?”

ಕ್ಲಿನಿಕ್ಕಿಗೂ ಜೊತೆಯಲ್ಲೇ ಬಂದರು. ಪರದೆ ಅವತ್ತೂ ಅರ್ಧ ಸರಿದಿತ್ತು, ಬೆಂಚು ಭರ್ತಿಯಾಗಿತ್ತು. “ಡಾಕ್ಟ್ರಮ್ಮ, ಮಗೀಗೆ ಉಚ್ಚೆ ಹುಯ್ಯುವಾಗ ಉರೀತದೆ, ಸೊಂಟ ನೋಯ್ತದೆ, ಚಳಿಜ್ವರ. ನಮ್ ಸೊಸೆ ಓದಿರೋಳು, ಬಾಯಿ ಬುಡಲ್ಲ. ಅದಕ್ಕೆ ನಾನೇ ಬಂದೆ.” ಬೆಂಚಿನ ಮೇಲಿನ ಒಬ್ಬರು ಪೇಪರಿನೊಳಗೆ ಮುಖ ಇಟ್ಟುಕೊಂಡರು. ಭೂಮಿ ಬಿರಿಯಲಿಲ್ಲ.

ಡಾಕ್ಟರು ಮಗಳನ್ನು ಕೇಳಿದರು. “ಸ್ಕೂಲಲ್ಲಿ ದಿನಕ್ಕೆ ಎಷ್ಟು ಸಲ ಹೋಗ್ತೀಯ ಪುಟ್ಟಾ?”

“ಹೋಗಲ್ಲ. ಬೀಗ ಹಾಕಿರ್ತಾರೆ.”

“ನೀರು?”

“ಅಮ್ಮ ಅರ್ಧ ಬಾಟ್ಲಿ ಕೊಡ್ತಾರೆ.”

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. “ಹೋದ ಸಲವೇ ಹೇಳ್ಬೇಕಿತ್ತಲ್ವಾ? ಸೋಂಕು ಮೇಲಕ್ಕೇರಿದೆ. ಹೀಗೇ ತಿರುಗಿ ತಿರುಗಿ ಬಂದ್ರೆ ಮಗು ಕಿಡ್ನಿ ಹಾಳಾಗತ್ತೆ. ಮಾತ್ರೆ ನಾನು ಕೊಡ್ತೀನಿ. ನೀರು ನೀವು ಕೊಡಿ. ಆ ಬೀಗ ಯಾರು ತೆಗೀತಾರೋ, ಅದನ್ನೂ ನೋಡ್ಕೊಳ್ಳಿ.”

ಮಗಳು ಚೇತರಿಸಿಕೊಂಡ ಮೇಲೆ ಶಾಲೆಗೆ ಹೋದೆ. ಹೆಡ್‌ಮಿಸ್ ಕೋಣೆಯಲ್ಲಿ ಗಾಜಿನ ಬೀರು, ಒಳಗೆ ಕಪ್ಪುಗಳು, ಶೀಲ್ಡುಗಳು, ಅವುಗಳ ನಡುವೆ ಕೊಕ್ಕೆಗೆ ನೇತುಹಾಕಿದ ಒಂದು ಬೀಗದ ಕೈ. ನಾನು ವಿಷಯ ಹೇಳಿದೆ. ಅವರು ಗಾಬರಿಯಾಗಿ, “ಅಯ್ಯೋ, ಕಾಂಪಿಟಿಷನ್‌ಗೆ ಬರ್ತಾಳಲ್ವಾ?” ಎಂದರು.

“ಟಾಯ್ಲೆಟ್ಟಿಗೆ ಬೀಗ ಯಾಕೆ ಮೇಡಂ?”

“ತೆಗೆದ್ರೆ ಮಕ್ಕಳು ಗಲೀಜು ಮಾಡ್ತಾರೆ. ಆಫೀಸರ್ಸ್ ಯಾವಾಗ ಬೇಕಾದ್ರೂ ಬರಬಹುದು. ಹೋದ ವರ್ಷ ನಮಗೆ ನೈರ್ಮಲ್ಯದ ಶೀಲ್ಡ್ ಬಂದಿದೆ, ನೋಡಿಲ್ವಾ?” ಬೀಗದ ಕೈಯ ಪಕ್ಕದಲ್ಲಿದ್ದ ಶೀಲ್ಡನ್ನು ತೋರಿಸಿದರು.

ಟಾಯ್ಲೆಟ್ಟನ್ನೂ ತೋರಿಸಿ ಎಂದು ಕೇಳಿಕೊಂಡೆ. ಆಯಾ ಬಂದು ಬಾಗಿಲು ತೆಗೆದಳು. ಅಷ್ಟು ಚೊಕ್ಕಟವಾದ ಟಾಯ್ಲೆಟ್ಟನ್ನು ನಾನು ನನ್ನ ಮನೆಯಲ್ಲೂ ಕಂಡಿಲ್ಲ. ಸೋಪು ಕಾಗದ ಬಿಚ್ಚದೆ ಕೂತಿತ್ತು. ಟವೆಲ್ಲು ಅಂಗಡಿಯ ಮಡಿಕೆಯಲ್ಲೇ ಇತ್ತು. ನಲ್ಲಿ ತಿರುಗಿಸಿದರೆ ನೀರೂ ಬಂತು. ಗೋಡೆಗೆ ನಲವತ್ತು ಪದಗಳ ಚಾರ್ಟು, ಒಳಗೆ ಯಾರೂ ಬಾರದ್ದರಿಂದ ಬಣ್ಣ ಒಂಚೂರೂ ಮಾಸಿರಲಿಲ್ಲ.

ನನಗೆ ಜಗಳ ಬರುವುದಿಲ್ಲ. ಸಿಟ್ಟು ಬಂದರೂ ‘ಪ್ಲೀಸ್’ ಸೇರಿಸಿಯೇ ಮಾತಾಡುವವಳು. ಅವತ್ತೂ ಹೆಡ್‌ಮಿಸ್ ಕೋಣೆಗೆ ವಾಪಸ್ಸು ಬಂದು ಹಾಗೇ ಹೇಳಿದೆ: “ದಿನಾ ಅದನ್ನ ತೆಗೆದಿಡಿ ಮೇಡಂ, ಪ್ಲೀಸ್. ಆಗ ಗುಬ್ಬಿಗೆ ಬರ್ತಾಳೆ.” ಹೆಡ್‌ಮಿಸ್ ಬೀರುವಿನಲ್ಲಿ ಖಾಲಿಯಿದ್ದ ಒಂದು ಜಾಗದ ಕಡೆ ಒಮ್ಮೆ ನೋಡಿದರು. ಮಾರನೇ ದಿನದಿಂದ ಟಾಯ್ಲೆಟ್ಟಿನ ಬಾಗಿಲು ತೆರೆಯಿತು. ನಾನು ಬಾಟಲಿ ತುಂಬಿಸತೊಡಗಿದೆ. ಆಪಾ ಕಾಂಪೌಂಡಿನಾಚೆಯಿಂದ ನೋಡಿ, ಏನೂ ಕೇಳದೆ, ತಾವೂ ತುಂಬಿಸಿದರು.

ಸ್ಪರ್ಧೆಯ ದಿನ ಗುಬ್ಬಿಯ ಟೌನ್ ಹಾಲಿನಲ್ಲಿ ಮಕ್ಕಳನ್ನು ಹತ್ತು ಗಂಟೆಗೇ ವೇದಿಕೆ ಹತ್ತಿಸಿ ಕೂರಿಸಿದರು. ಮುಖ್ಯ ಅತಿಥಿ ಬಂದದ್ದು ಹನ್ನೊಂದೂವರೆಗೆ. ಮಧ್ಯೆ ವೇದಿಕೆ ಇಳಿದವರು ಔಟ್, ಇದು ನಿಯಮ. ಮಗಳ ಕಾಲ ಬಳಿ ಬಾಟಲಿ ಇತ್ತು, ಡಾಕ್ಟರು ಹೇಳಿದ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಸುತ್ತಿನ ಮೇಲೆ ಸುತ್ತು ಮುಗಿದು ಮೂವರು ಉಳಿದರು, ಅದರಲ್ಲಿ ಅವಳೂ ಒಬ್ಬಳು. ಆಗ ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇದೆಯೆಂದು ಅವರ ಭಾಷಣ ಮಧ್ಯಕ್ಕೇ ತಂದರು. ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ ಮಕ್ಕಳೇ ಎಂದು ಅವರು ಅರ್ಧ ಗಂಟೆ ಹೇಳಿದರು. ವೇದಿಕೆಯ ಮೇಲಿನ ಮೂವರು ಹುಡುಗಿಯರೂ ಕಾಲಿಗೆ ಕಾಲು ಹೆಣೆದುಕೊಂಡು ಕೇಳುತ್ತಿದ್ದರು.

ಚಪ್ಪಾಳೆ ನಿಂತ ಮೇಲೆ ಮಗಳು ಎದ್ದು ನಿಂತಳು. “ಸರ್, ನಾನು ಒಂದಕ್ಕೆ ಹೋಗಿ ಬರ್ತೀನಿ.”

ಮೈಕು ಹತ್ತಿರದಲ್ಲೇ ಇತ್ತು. ಹಾಲೆಲ್ಲ ಗೊಳ್ಳೆಂದಿತು. ನಿರ್ವಾಹಕರು, “ಇಳಿದ್ರೆ ಔಟ್ ಕಣಮ್ಮ. ಎರಡೇ ರೌಂಡು, ತಡ್ಕೋ,” ಎಂದರು.

ಮಗಳು ಮೂರನೇ ಸಾಲಿನಲ್ಲಿದ್ದ ನನ್ನನ್ನು ಹುಡುಕಿದಳು. ಕ್ಲಿನಿಕ್ಕಿನಲ್ಲಿ ನೋಡಿದ್ದಳಲ್ಲ, ಅದೇ ನೋಟ. ನನ್ನ ಎಡಕ್ಕೆ ಕೂತಿದ್ದ ಹೆಡ್‌ಮಿಸ್ ನನ್ನ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವಳಿಗೆ ಕೂತ್ಕೋ ಕೂತ್ಕೋ ಎಂದು ಸನ್ನೆ ಮಾಡುತ್ತಿದ್ದರು. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ. ನಾನು ಅವರ ಹಿಡಿತಕ್ಕೆ ಸಿಗದ ಇನ್ನೊಂದು ಕೈಯನ್ನು ಎತ್ತಿ, ಇಡೀ ಹಾಲಿಗೆ ಕಾಣುವಂತೆ, ಕಿರುಬೆರಳು ತೋರಿಸಿದೆ. ಬಲಕ್ಕೆ ಕೂತಿದ್ದ ನಮ್ಮತ್ತೆ, “ಹೋಗ್ ಮಗಾ, ಬುಡು ಅವರ್ನ,” ಎಂದು ತಾವೂ ಎದ್ದರು.

ಹಾಲಿನ ಟಾಯ್ಲೆಟ್ಟಿಗೆ ಬೀಗ ಹಾಕಿತ್ತಂತೆ, ಅತಿಥಿಗಳಿಗೆಂದು ಕಾದಿರಿಸಿದ್ದು. ಅತ್ತೆ ಹಿಂದಿನ ಬೀದಿಯ ಪರಿಚಯದವರ ಮನೆಗೆ ಕರೆದುಕೊಂಡು ಹೋಗಿ ಬಂದರು. ಅಷ್ಟರಲ್ಲಿ ಮಗಳು ಔಟಾಗಿದ್ದಳು. ಗೆದ್ದ ಹುಡುಗಿ ಕಪ್ಪನ್ನು ತನ್ನ ಟೀಚರ ಕೈಗೆ ತುರುಕಿ, ಫೋಟೋಗೂ ನಿಲ್ಲದೆ, ನಮ್ಮತ್ತೆಯ ಹತ್ತಿರ ಓಡಿ ಬಂದು, “ಅಜ್ಜಿ, ಆ ಮನೆ ಯಾವ್ದು?” ಎಂದಳು.

“ಎರಡೇ ರೌಂಡ್ ಮೇಡಂ,” ಹೆಡ್‌ಮಿಸ್ ಬಸ್ಸಿನಲ್ಲಿ ತುಮಕೂರು ಬರುವವರೆಗೂ ಅಂದರು. “ಎರಡೇ ರೌಂಡ್.”

ಸೋಮವಾರ, ಮಗಳ ಜ್ವರದ ರಜೆಗೆಂದು ಬರೆಸಿದ್ದ ಡಾಕ್ಟರ ಚೀಟಿ ಕೊಡಲು ಶಾಲೆಗೆ ಹೋದರೆ, ಆಯಾ ಟಾಯ್ಲೆಟ್ಟಿನ ಮುಂದೆ ನಿಂತಿದ್ದಳು, ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಬೀಗದ ಕೈ. “ಮೊದ್ಲಿನಂಗೆ ಹಾಕ್ಬುಡು ಅಂದವ್ರೆ ಅಕ್ಕಾ. ಏನ್ ಮಾಡ್ಲಿ?”

“ಕೊಡಿ ಇಲ್ಲಿ, ಪ್ಲೀಸ್,” ಎಂದೆ.

ಕೊಟ್ಟಳು. ಎರಡನ್ನೂ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಜಿಪ್ ಎಳೆದು, ಮನೆಗೆ ಬಂದೆ. ಕಾನ್ವೆಂಟಿನಲ್ಲಿ ಕಲಿತವಳು, ಅದುವರೆಗೆ ಯಾರದ್ದೂ ಒಂದು ರಬ್ಬರ್ ಕೂಡ ಕದ್ದವಳಲ್ಲ. ಆಯಾ ಆಮೇಲೆ ಬೀಗ ಕಳೆದುಹೋಯಿತು ಎಂದು ಹೇಳಿದಳಂತೆ. ಆ ಶಾಲೆಯಲ್ಲಿ ಸೀಮೆಸುಣ್ಣದ ಡಬ್ಬಿಗೂ ಕಮಿಟಿಯ ಒಪ್ಪಿಗೆ ಬೇಕು. ಹೊಸ ಬೀಗದ ವಿಷಯ ಮೀಟಿಂಗಿನಿಂದ ಮೀಟಿಂಗಿಗೆ ಹೋಗುತ್ತಾ ನನ್ನ ಮಗಳು ಹತ್ತನೇ ಕ್ಲಾಸು ಮುಗಿಸಿದಳು. ಮತ್ತೆ ಆ ಜ್ವರ ಬರಲಿಲ್ಲ. ಟಾಯ್ಲೆಟ್ಟು ಗಲೀಜಾಯಿತು, ತೊಳೆದರು, ಮತ್ತೆ ಗಲೀಜಾಯಿತು, ಮತ್ತೆ ತೊಳೆದರು. ನೈರ್ಮಲ್ಯದ ಶೀಲ್ಡ್ ಬೇರೆ ಶಾಲೆಗೆ ಹೋಯಿತು.

ಆ ಬೀಗ ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಪನೀರು ಮಾಡುವಾಗ ಬಟ್ಟೆಯ ಗಂಟಿನ ಮೇಲೆ ಭಾರಕ್ಕೆ ಇಡುತ್ತೇನೆ. ನೀರನ್ನೆಲ್ಲ ಚೆನ್ನಾಗಿ ಇಳಿಸುತ್ತದೆ.