ಕುರಿಯ ಖಾನೆಯಲ್ಲಿ ಸೊನ್ನೆ

ನನ್ನದು ಹುಟ್ಟಾ ಅಂಜುವ ಸ್ವಭಾವ. ಬೀಗ ಹಾಕಿ ಓಣಿಯ ತುದಿಗೆ ಬಂದವಳು ತಿರುಗಿ ಹೋಗಿ ಬೀಗ ಜಗ್ಗಿ ನೋಡುತ್ತೇನೆ. ಇಂಥವಳಿಗೆ ಅಂದಾಜಿನ ಕೆಲಸವೇ ಗಂಟುಬೀಳಬೇಕೆ? ಕಲಬುರಗಿಯ ಸೇಡಂ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಂದು ಹಳ್ಳಕ್ಕೆ ಸುತ್ತಲಿನ ಹೊಲಗಳಿಂದ ವರ್ಷಕ್ಕೆ ಎಷ್ಟು ಹೊಲಸು ಹರಿದು ಸೇರುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ದೊಡ್ಡ ಯಂತ್ರವೇನೂ ಇಲ್ಲ, ಕಂಪ್ಯೂಟರಿನಲ್ಲಿ ಒಂದು ಹಾಳೆ ಅಷ್ಟೇ. ಮಳೆ ಎಷ್ಟು, ಮಣ್ಣು ಯಾವುದು, ಯಾವ ಬೆಳೆ, ಎಷ್ಟು ಗೊಬ್ಬರ, ಎಷ್ಟು ದನ, ಎಷ್ಟು ಕುರಿ ಎಂದು ಖಾನೆಗಳನ್ನು ತುಂಬುತ್ತ ಹೋದರೆ ಕೊನೆಯಲ್ಲಿ ಒಂದು ಅಂಕಿ ಬರುತ್ತದೆ. ಮಿತಿಯೊಳಗಿದ್ದರೆ ಆ ಖಾನೆ ಹಸಿರು, ಮೀರಿದರೆ ಕೆಂಪು.

ಈ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಕಮಲಾಪುರದ ಹತ್ತಿರದ ಒಂದು ಹಳ್ಳ. ಅದರ ದಂಡೆಯಲ್ಲೇ ನನ್ನ ಅಕ್ಕನ ಮನೆ, ಕೆಂಪು ಬಾಳೆಯ ತೋಟ, ಮನೆಯವರು ಕುಡಿಯುವ ಬಾವಿ. ಮೊದಲ ಸಲ ಹಾಳೆ ಕೆಂಪು ತೋರಿಸಿತು. ಯೂರಿಯಾ ಅರ್ಧಕ್ಕೆ ಇಳಿಸಿ ನೋಡಿದೆ, ಹಸಿರಾಯಿತು. ಊರಿನ ಸಭೆಯಲ್ಲಿ ಅದನ್ನೇ ಹೇಳಿದೆ. ಮುಂದಿನ ಸಾಲಿನಲ್ಲಿ ಕುಳಿತ ಅಕ್ಕ ಪಕ್ಕದವರಿಗೆಲ್ಲ "ನಮ್ಮ ತಂಗಿ ರೀ" ಎನ್ನುತ್ತಿದ್ದಳು. ನಾನೂ ಒಂದಿಷ್ಟು ಉಬ್ಬಿದೆನೆನ್ನಿ.

ಮಳೆಗಾಲದ ಬಾಗಿಲಲ್ಲಿ ಅಕ್ಕನ ಫೋನು ಬಂತು.

"ನೀ ಹೇಳಿದಂಗ ಮಾಡೀವಿ ನೋಡು. ಅರ್ಧ ಯಾಕ, ಯೂರಿಯಾ ಪೂರಾ ಬಿಟ್ಟೀವಿ. ಅದರ ಬದ್ಲಿ ಬಾವಿ ಮ್ಯಾಲಿನ ಹೊಲದಾಗ ಕುರಿ ನಿಂದ್ರಿಸೀವಿ. ಎಷ್ಟ್ ದೊಡ್ಡ ಹಿಂಡ ಬಂದದ ಅಂತಿ!"

ಬಿತ್ತನೆಗೆ ಮೊದಲು ದೂರದ ಕುರಿಗಾರರನ್ನು ಕರೆಸಿ, ಹೊಲದಲ್ಲಿ ಹಿಂಡು ತಂಗಿಸುವುದು ನಮ್ಮ ಕಡೆಯ ರೂಢಿ. ಹಿಕ್ಕೆ, ಉಚ್ಚೆ ಎಲ್ಲ ಅಲ್ಲೇ ಬಿದ್ದು ನೆಲ ಕಸುವಾಗುತ್ತದೆ. ನಾನು ಚಿಕ್ಕಂದಿನಿಂದ ಕಂಡದ್ದೇ. ಆದರೆ ಹಾಳೆಯಲ್ಲಿ ಕುರಿಯ ಖಾನೆಗೆ ಸೊನ್ನೆ ಹಾಕಿದ್ದೆ. ಆ ಊರಲ್ಲಿ ಯಾರೂ ಕುರಿ ಸಾಕುವುದಿಲ್ಲ, ಗಣತಿಯಲ್ಲೂ ಇಲ್ಲ. ಕುರಿಯ ಎಣಿಕೆ ಒಡೆಯನ ಊರಲ್ಲಿ ಆಗುತ್ತದೆ, ಹಿಕ್ಕೆ ಅಕ್ಕನ ಊರಲ್ಲಿ ಬೀಳುತ್ತದೆ.

ಅಕ್ಕನ ಮೊಮ್ಮಗಳು ಇನ್ನೂ ತೊಟ್ಟಿಲ ಕೂಸು. ಕೂಸು ಹೇಗಿದೆ ಎಂದು ಕೇಳಿದೆ.

"ಛಲೋ ಅದ. ತಾಯಿ ಹಾಲು ಸಾಲಂಗಿಲ್ಲ, ಡಬ್ಬಿ ಹಾಲು ಕುಡಿಸ್ಲಾಕತ್ತೀವಿ. ಬಾವಿ ನೀರು ಛಂದಂಗ ಕುದಿಸೇ ಕಲಸ್ತೀನಿ, ನೀ ಅಂಜಬ್ಯಾಡ."

ನಾನು ಅಂಜಿದ್ದೇ ಆ ಕುದಿಸುವುದಕ್ಕೆ. ಗೊಬ್ಬರದಿಂದ ನೀರಿಗೆ ಇಳಿಯುವ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಕುದಿದು ಬತ್ತಿದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ದೊಡ್ಡವರಿಗೆ ಕೂಡಲೇ ಏನೂ ಆಗಲಿಕ್ಕಿಲ್ಲ, ಹಸುಗೂಸಿಗೆ ಮಾತ್ರ ರಕ್ತ ಆಮ್ಲಜನಕ ಹೊರಲಾರದೆ ತುಟಿ, ಉಗುರು ನೀಲಿಗಟ್ಟುತ್ತವೆ.

"ಆ ನೀರು ಕೂಸಿಗೆ ಬ್ಯಾಡಕ್ಕ."

"ನೀನ ಹಸರು ಅಂದಿದ್ದಿ ಅಲ್ಲ? ನಿನಗ ಎಲ್ಲಾದಕ್ಕೂ ಅಂಜಿಕಿ," ಎಂದು ನಕ್ಕು ಫೋನು ಇಟ್ಟಳು.

ಹಿಂಡು ಎಷ್ಟಿರಬಹುದೆಂದು ಊಹಿಸಿ ಕುರಿಯ ಖಾನೆ ತುಂಬಿದೆ. ಕೊನೆಯ ಖಾನೆ ಕೆಂಪಾಯಿತು. ಆಫೀಸಿನ ಹಿರಿಯರಿಗೆ ತೋರಿಸಿದೆ. "ಅದು ಇಡೀ ಹಳ್ಳದ ವರ್ಷದ ಅಂದಾಜು ರೀ ಮೇಡಂ. ಒಂದು ಬಾವ್ಯಾಗ ಇವತ್ತು ಏನದ ಅಂತ ಅದಕ್ಕೇನು ಗೊತ್ತು? ನೀರು ತಂದು ಪರೀಕ್ಷೆಗೆ ಕೊಡ್ರಿ," ಎಂದರು. ಅವರು ಹೇಳಿದ್ದು ಸರಿಯೇ. ಆದರೆ ವರದಿ ಬರಲು ದಿನಗಳು ಬೇಕು, ಕೂಸಿಗೆ ಗಳಿಗೆಗೊಮ್ಮೆ ಹಸಿವು. ಅಂದು ರಾತ್ರಿ ಗುಡುಗಿ ಮಳೆ ಬಂತು. ಹೊಲದ ಹಿಕ್ಕೆಯೆಲ್ಲ ಬಾವಿಗೆ ಇಳಿಯುತ್ತಿರುವಂತೆ ಅನಿಸಿ ನನಗೆ ನಿದ್ದೆಯೇ ಹತ್ತಲಿಲ್ಲ.

ಮುಂಜಾನೆ ಅಕ್ಕ ಫೋನು ಎತ್ತಲಿಲ್ಲ. ಪರೀಕ್ಷೆಗೆಂದು ಒಂದು ಖಾಲಿ ಬಾಟಲಿ, ಕೂಸಿಗೆಂದು ದೊಡ್ಡ ಕ್ಯಾನಿನ ತುಂಬ ನೀರು ತೆಗೆದುಕೊಂಡು ಬಸ್ಸು ಹತ್ತಿದೆ. "ಕಮಲಾಪುರದಾಗ ನೀರಿಲ್ಲೇನ್ರೀ? ಇದಕ್ಕೂ ಟಿಕೀಟ ತಗೀಬೇಕು ನೋಡ್ರಿ," ಎಂದು ಕಂಡಕ್ಟರ್ ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಕ್ಯಾನು ಕಂಡೊಡನೆ ಅಕ್ಕನ ಮುಖ ಬಿಗಿಯಿತು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು.

"ಮೊದಲ ನೀರು ಕುಡಿ. ಆಮ್ಯಾಲ ನಿನ್ನ ಪುರಾಣ."

ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಆ ನೀರು ಬೇಡವೆಂದರೆ ಮನೆಯೇ ಬೇಡವೆಂದಂತೆ. ಕುಡಿದರೆ ನನಗೇನೂ ಆಗುತ್ತಿರಲಿಲ್ಲ. ಆದರೆ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ತಂಗಿ ಕುಡಿದ ನೀರು ಮೊಮ್ಮಗಳಿಗೂ ಆಗುತ್ತದೆ ಎಂದು ಅವಳು ತೀರ್ಮಾನಿಸಿಬಿಡುತ್ತಾಳೆ. ಬಾವಿ ಚೊಕ್ಕಟವಾಗಿಯೇ ಇದ್ದರೆ? ಒಂದು ಊಹೆಯ ಅಂಕಿಗಾಗಿ ಸುಮ್ಮನೆ ಅಕ್ಕನ ಮನಸ್ಸು ಮುರಿಯುತ್ತಿದ್ದರೆ? ತಂಬಿಗೆಯನ್ನು ಇಸಿದುಕೊಂಡು, ಕುಡಿಯದೆ ಕಟ್ಟೆಯ ಮೇಲಿಟ್ಟೆ.

"ನನ್ನ ಲೆಕ್ಕದಾಗ ನಿಮ್ಮ ಹೊಲದ ಕುರಿ ಇದ್ದಿಲ್ಲಕ್ಕ," ಎಂದೆ. ಮಿಕ್ಕದ್ದನ್ನೂ ಹೇಳಿದೆ.

ಅಕ್ಕ ತಂಬಿಗೆಯ ನೀರನ್ನು ಕಣಗಿಲೆಯ ಬುಡಕ್ಕೆ ಚೆಲ್ಲಿದಳು. ಕೂಸಿನ ಬಾಟಲಿ ತಂದು, ನಾನು ತಂದ ನೀರಿನಿಂದ ತೊಳೆದಳು. ತೊಳೆಯುತ್ತಿದ್ದವಳು ತಲೆಯೆತ್ತಿ ಕೇಳಿದಳು:

"ಮುಂಜಾನಿ ಒಂದು ಬಾಟಲಿ ಕುಡಿಸೀನಿ. ಅದು ಯಾವ ಖಾನ್ಯಾಗ ಬರ್ತದ?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಹಾಳೆಯಲ್ಲಿ ಅದಕ್ಕೂ ಒಂದು ಜಾಗ ಇದ್ದೇ ಇರುತ್ತದೆ ಎಂದು ನಂಬಿಯೇ ಕೇಳಿದ್ದಳು. ನಾನು ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಬಂದೆ. ಮುಷ್ಟಿ ಬಿಡಿಸಿ ಉಗುರು ನೋಡಿದೆ. ಕೆಂಪಗಿದ್ದವು. ತೊಟ್ಟಿಲಲ್ಲಿ ಮಲಗಿಸಿ, ಖಾಲಿ ಬಾಟಲಿ ಹಿಡಿದು ಬಾವಿಗೆಂದು ಅಂಗಳದವರೆಗೆ ಹೋದವಳು ತಿರುಗಿ ಬಂದು ಮತ್ತೆ ಮುಷ್ಟಿ ಬಿಡಿಸಿದೆ.