ಚಿವುಟುವವರಿಲ್ಲದ ಗಿಡ

"ಮಾಮಾ, ಇದು ಯಾವ ಹೂವಂತ ಖರೇನ ಗೊತ್ತಿಲ್ಲೇನ್ರಿ ನಿಮಗ?"

ದೇವಾಪುರದಿಂದ ಬಂದಿದ್ದ ನಾದಿನಿ ನಮ್ಮ ಹಿತ್ತಲಲ್ಲಿ ನಿಂತು ಕೇಳಿದಳು. ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅಡುಗೆಮನೆಯಲ್ಲಿ ಹುಡುಕಾಡುವಾಗ, ಬೂದಿ ಬೆರೆಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ ಬೀಜ ಸಿಕ್ಕಿತ್ತು. ಅವಳ ಕೈ ತಾಗಿದ್ದು ಏನಾದರೂ ಚಿಗುರಲಿ ಎಂದು ಮಳೆಗಾಲದಲ್ಲಿ ಚೆಲ್ಲಿದ್ದೆ. ಗಿಡ ನನ್ನೆತ್ತರ ಬೆಳೆದು ಹೂ ಬಿಟ್ಟಿತು. ತಿಳಿಹಳದಿ ಎಸಳು, ನಡುವೆ ಕಡುಗೆಂಪು, ಥೇಟ್ ದಾಸವಾಳ. ಆದರೆ ದಾಸವಾಳವನ್ನು ಟೊಂಗೆ ಊರಿ ಬೆಳೆಸುತ್ತಾರಲ್ಲ! ಶಹಾಪುರದ ನಮ್ಮ ಆಫೀಸಿನಲ್ಲಿ ಫೋಟೊ ತೋರಿಸಿದರೆ ಒಬ್ಬ ಹತ್ತಿ ಎಂದ, ಇನ್ನೊಬ್ಬ ಬೆಂಡೆ ಎಂದ. ಯಾವುದಾದರೇನು ಎಂದು ದಿನವೂ ಒಂದು ಹೂ ಕಿತ್ತು ಅವಳ ಫೋಟೊದ ಮುಂದೆ ಇಡುತ್ತಿದ್ದೆ.

"ಪುಂಡಿ ಅದ ರೀ ಇದು! ಬೀಜ ನಾನ ತಂದ ಕೊಡ್ತಿದ್ದೆ. ಅಕ್ಕ ಮೊಣಕಾಲುದ್ದ ಬೆಳಿಯೂದರಾಗ ಚಿವುಟಿ ಪಲ್ಯಾ ಮಾಡ್ತಿದ್ಳು. ಹೂವಿಗಿ ಬರಾಕ ಎಲ್ಲಿ ಬಿಟ್ಟಾಳ?" ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇಷ್ಟು ವರ್ಷ ಜೋಳದ ರೊಟ್ಟಿಯ ಮೇಲೆ ಆ ಹುಳಿ ಸೊಪ್ಪಿನ ಪಲ್ಯ ಹಾಕಿಸಿಕೊಂಡು, ಇನ್ನಷ್ಟು ಹಾಕು ಎಂದು ಕೇಳಿ ಉಂಡವನು ನಾನು. ಪುಂಡಿಗೆ ಹೂವಾಗುತ್ತದೆ ಎಂಬುದೇ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆಯೂ ಗಿಡದ ತುಂಬ ಹೂವಿತ್ತು. ಕಿತ್ತು ಫೋಟೊದ ಮುಂದೆ ಇಡಲು ಕೈ ಬರಲಿಲ್ಲ. ಅವಳಿದ್ದಿದ್ದರೆ ಆ ಹೂ ಅರಳುತ್ತಲೇ ಇರಲಿಲ್ಲ.