ದೇವಣಗಾಂವದವಳ ಒಪ್ಪಿಗೆ ಪತ್ರ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ತಹಶೀಲ್ದಾರ್ ಕಚೇರಿಯ ಮುಂದೆ ಕೂತು ಅರ್ಜಿ ಬರೆಯುತ್ತಿದ್ದೆ. ಒಂದು ದಿನ ದೇವಣಗಾಂವದಿಂದ ಗಂಡ ತೀರಿಕೊಂಡ ಹೆಂಗಸೊಬ್ಬಳು ಬಂದಳು. ಅವಳ ಹತ್ತು ವರ್ಷದ ಮಗಳನ್ನು ಸೋದರತ್ತೆ ಮಸ್ಕತ್ತಿಗೆ ಕರೆದೊಯ್ಯುವವಳಿದ್ದಳು. ಪಾಸ್‌ಪೋರ್ಟಿಗೆ ತಾಯಿಯ ಒಪ್ಪಿಗೆ ಪತ್ರ ಬೇಕಿತ್ತು.

‘ನನ್ನ ಮಗಳು ಮಸ್ಕತ್ತಿಗೆ ಹೋಗಲು ನನ್ನದೇನೂ ತಕರಾರಿಲ್ಲ’ ಎಂದು ಬರೆದು ಓದಿ ಹೇಳಿದೆ. ಮಸಿ ಹಚ್ಚಿದ ಹೆಬ್ಬೆರಳನ್ನು ಅವಳು ಹಿಂದಕ್ಕೆಳೆದುಕೊಂಡಳು.

“ಬರೇ ಹೋಗಲು ಅಂತಾರೇನ್ರಿ? ಹೋಗಿ ಬರಲು ಅಂತ ಬರೀರಿ.”

“ಸರ್ಕಾರಿ ಕಾಗದಕ್ಕ ಇಷ್ಟ ಸಾಕ್ರಿ ಅಕ್ಕಾರ” ಎಂದು ರೇಗಿದೆ.

“ಸರ್ಕಾರಕ್ಕ ಸಾಕ್ರಿ. ನನಗ ಇರಾಕಿ ಅಕಿ ಒಬ್ಬಾಕಿನ.”

ನಾನು ಹೊಸ ಕಾಗದ ತೆಗೆದು, ಹಾಗೇ ಬರೆದುಕೊಟ್ಟೆ. ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಅವತ್ತಿನಿಂದ ನನ್ನ ಬಾಡಿಗೆ ಖೋಲಿಗೆ ಕೀಲಿ ಹಾಕುವಾಗ ನಾನೂ ‘ಹೋಗಿ ಬರ್ತೇನಿ’ ಅನ್ನುತ್ತೇನೆ. ಒಳಗೆ ಕೇಳುವವರು ಯಾರೂ ಇಲ್ಲ. ಬಾಗಿಲಿನದೇನೂ ತಕರಾರಿಲ್ಲ.